ಒಣಗದ ಹಲಗೆ

"ಇದು ಲಾಯಕ್ಕುಂಟು ನೋಡಿ," ಎನ್ನುತ್ತಾ ದೀಪೇಶ್ ಶೆಡ್ಡಿನ ಅಟ್ಟದಿಂದ ಮಾವಿನ ಹಲಗೆಯೊಂದನ್ನು ಎಳೆದು ಅಂಗಳಕ್ಕೆ ತಂದ. "ಲಾಯ್ಕ ಒಣಗಿದೆ. ಕಿಡಿ ತಾಗಿದರೆ ಸಾಕು, ಹಿಡೀತದೆ."

ಸ್ಮಶಾನದಲ್ಲಿ ಕಟ್ಟಿಗೆ ಕೊಡುತ್ತಾರೆ, ಸರಿ. ಆದರೆ ಆಟಿ ತಿಂಗಳ ಮಳೆಗೆ ಅದೆಲ್ಲ ತೊಯ್ದು ತೊಪ್ಪೆಯಾಗಿರುತ್ತದೆ. ಮೇಲಾಗಿ ಮನೆಯದ್ದೊಂದು ಮಾವಿನ ತುಂಡಾದರೂ ಚಿತೆಗೆ ಬೀಳಬೇಕೆಂಬುದು ಈ ಕುಟುಂಬದ ಕಟ್ಟುಪಾಡು. ಸತ್ತ ಮಾಯಿಲಪ್ಪನ ಸೋದರಳಿಯ ದೀಪೇಶ್, ಬೆಳಿಗ್ಗೆಯಷ್ಟೇ ಕಾಟಿಪಳ್ಳದಿಂದ ಓಡಿಬಂದವನು. ಅವನಿಗೆ ಮರವೆಂದರೆ ಮರ.

ಮಾಯಿಲಪ್ಪನ ಮಗಳು ಯಶ್ಮಿತಾ ಜಗಲಿಯಿಂದ ಅಂಗಳಕ್ಕೆ ಇಳಿದಳು. ಅಪ್ಪ ಅದನ್ನು ಗಿರಾಕಿ ವಿಲ್ಲಿಯ ಬೇಸ್ ಗಿಟಾರಿಗೆಂದು ಎತ್ತಿಟ್ಟದ್ದು. ಹಲಗೆ ಹೋದರೆ ಹಾಳಾಗಲಿ, ಅದು ಒಣಗಿದೆಯೆಂದು ಈ ಪುಣ್ಯಾತ್ಮ ಊರಿಗೆಲ್ಲ ಸಾರಿಬಿಟ್ಟನಲ್ಲ. ಅದೂ ವಿಲ್ಲಿ ಗೇಟಿನ ಹತ್ತಿರ ಕೊಡೆ ಮಡಚುತ್ತಿರುವಾಗ. ಅಪ್ಪನ ಮಾನ ಇವತ್ತೇ ಹೋಗಬೇಕಿತ್ತೇ?

*

ನಾಲ್ಕು ವರ್ಷದ ಹಿಂದೆ, ಮಾಯಿಲಪ್ಪ ಗಿಟಾರು ಮಾಡುತ್ತಿದ್ದ ಜೆಪ್ಪುವಿನ ಈ ಶೆಡ್ಡಿಗೆ ಬಂದ ವಿಲ್ಲಿ ಕೇಳಿದ್ದು ಇಷ್ಟೇ. ಬೆಳಿಗ್ಗೆ ಚರ್ಚಿನ ಕ್ವಾಯರ್, ಸಂಜೆ ಮದುವೆ ರಿಸೆಪ್ಷನ್. ಸ್ಕೂಟರಿನಲ್ಲಿ ಎರಡು ಬೇಸ್ ಹೊರಲು ಆಗುವುದಿಲ್ಲ, ಎರಡಕ್ಕೂ ಒಂದೇ ಬೇಕು.

"ಹಲಸಿನ ಬಾಡಿ, ಮೇಲೊಂದು ಮಾವಿನ ಪದರ, ಕುತ್ತಿಗೆಗೆ ತೇಗ," ಎಂದಿದ್ದ ಮಾಯಿಲಪ್ಪ. ಕ್ರೈಸ್ತರನ್ನು ಊರಲ್ಲಿ ಗೌರವದಿಂದ ಕರೆಯುವುದೇ ಪೊರ್ಬುಗಳು ಎಂದು. "ಹಲಸು ಜೋರು ಮಾತಾಡ್ತದೆ, ಮಾವು ಅದನ್ನು ಸಮಾಧಾನ ಮಾಡ್ತದೆ. ತಂತಿ ಕೂರುವ ಬ್ರಿಡ್ಜಿನ ಹತ್ತಿರ ಮೀಟಿದರೆ ರಿಸೆಪ್ಷನ್, ಕುತ್ತಿಗೆ ಹತ್ತಿರ ಮೀಟಿದರೆ ಚರ್ಚ್. ಗಂಡ ಹೆಂಡತಿ ಇದ್ದ ಹಾಗೆ, ಪೊರ್ಬುಗಳೇ."

"ಅದರಲ್ಲಿ ಮಾವು ಯಾರು?" ಎಂದು ಹೆಂಡತಿ ದೇಯಿ ಒಳಗಿನಿಂದಲೇ ಕೇಳಿದ್ದಳು.

ಅಲ್ಲಿಂದ ತಿಂಗಳಿಗೊಮ್ಮೆ ವಿಲ್ಲಿ ಬರುವುದು, ಮಾಯಿಲಪ್ಪ ಹಲಗೆಗೆ ಬೆರಳ ಗೆಣ್ಣಿನಿಂದ ಬಡಿದು, "ಇನ್ನೂ ಹಸಿ ಉಂಟು," ಎನ್ನುವುದು. ಎರಡು ವರ್ಷ ಅದು ನಿಜವೇ ಆಗಿತ್ತು. ಹಲಗೆ ಒಣಗುವ ಹೊತ್ತಿಗೆ ಮಾಯಿಲಪ್ಪನ ಕೈ ನಡುಗತೊಡಗಿತ್ತು. ಉಳಿ ಹಿಡಿದರೆ ಗೆರೆ ತಪ್ಪುತ್ತಿತ್ತು.

"ನಾನು ಮಾಡ್ತೇನಪ್ಪ," ಎಂದಿದ್ದಳು ಯಶ್ಮಿತಾ.

"ನಿನ್ನ ಕೈ ಚೆಂದ ಉಂಟು ಮಗಾ. ಆದರೆ ಅವರು ಕೇಳಿದ್ದು ನನ್ನ ಕೈಯನ್ನು. ಒಣಗಿದ್ದು ಅವರಿಗೆ ಹೇಳಬೇಡ."

ಅಂದಿನಿಂದ ಆ ಸುಳ್ಳು ಅವಳಿಗೆ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

*

ವಿಲ್ಲಿ ಬಂದು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ತನ್ನ ಹೆಸರನ್ನು ನೋಡಿದ. ಸ್ಮಶಾನಕ್ಕೆ ಹೋಗುವ ವ್ಯಾನಿಗೆ ಅದನ್ನು ಏರಿಸಲು ಒಂದು ತುದಿಗೆ ಕೈ ಕೊಟ್ಟ.

"ಅಂಕಲ್," ಯಶ್ಮಿತಾಳಿಗೆ ತಡೆಯಲಾಗಲಿಲ್ಲ. "ಅಪ್ಪ ನಿಮಗೆ ಸುಳ್ಳು ಹೇಳಿದ್ದು. ಅವರ ಕೈ..."

"ಗೊತ್ತುಂಟು ಮಗಾ. ಚಾ ತಂದುಕೊಡುವಾಗ ಅರ್ಧ ಸಾಸರಿಗೆ ಚೆಲ್ಲುತ್ತಿತ್ತು. ನನಗೆ ಕಣ್ಣಿಲ್ಲವಾ?"

"ಮತ್ತೆ ತಿಂಗಳು ತಿಂಗಳು ಯಾಕೆ ಬರ್ತಿದ್ದಿರಿ?"

"ಬಾರದಿದ್ದರೆ ಆರ್ಡರ್ ಕ್ಯಾನ್ಸಲ್ ಅಂತ ಅವರಿಗೆ ಆಗ್ತಿತ್ತಲ್ಲ ಮಾರಾಯ್ತಿ."

ಯಶ್ಮಿತಾಳಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು.

"ದೀಪು, ಅದನ್ನು ಇಳಿಸು." ಹೆಣದ ತಲೆಯ ಬಳಿ ಕೂತಿದ್ದ ದೇಯಿ ಎದ್ದು ಜಗಲಿಗೆ ಬಂದಿದ್ದಳು.

"ಮನೆಯ ಮಾವು ಬೇಕಲ್ಲ ಅತ್ತೆ?"

"ಅಡುಗೆಮನೆಯಲ್ಲಿ ನನ್ನ ಮಣೆ ಉಂಟು, ಮಾವಿನದ್ದೇ. ಅದನ್ನು ಕೊಂಡುಹೋಗು. ಇದು ಪೊರ್ಬುಗಳ ಸೊತ್ತು. ಒಬ್ಬರ ಮರವನ್ನು ಇನ್ನೊಬ್ಬರಿಗೆ ಕೊಟ್ಟವರಲ್ಲ ನಿನ್ನ ಮಾವ. ಈಗ ತಾವೇ ತೆಗೆದುಕೊಳ್ತಾರಾ?"

ದೀಪೇಶ್ ಹಲಗೆ ಇಳಿಸಿದ. ಯಶ್ಮಿತಾ ಕಣ್ಣೊರೆಸಿಕೊಂಡು ವಿಲ್ಲಿಯನ್ನು ಕೇಳಿದಳು, "ನಾನು ಮಾಡಿದರೆ ಆಗ್ತದಾ ಅಂಕಲ್?"

"ಅಪ್ಪನ ಅಳತೆ ನೆನಪುಂಟಾ?"

"ಉಂಟು."

"ಮತ್ತೆಂತ ಕೇಳುವುದು," ಎಂದು ವಿಲ್ಲಿ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ.

ವ್ಯಾನು ಹೋದಮೇಲೆ ಹೆಂಗಸರು ಮನೆ ತೊಳೆಯಲು ನೀರು ತಂದರು. ಹಲಗೆಗೆ ನೀರು ಹಾರೀತೆಂದು ದೇಯಿ ಅದನ್ನು ಒಬ್ಬಳೇ ಎತ್ತಿಕೊಂಡು ಒಳಗೆ ಹೋದಳು. ಗಂಡನ ಮಂಚದ ಮೇಲೆ ಮಲಗಿಸಿ, ಫ್ಯಾನ್ ಹಾಕಿದಳು.