ಬಾಣಸಿಗನ ಧಾನ್ಯವ್ರತ

ರೇಷ್ಮೆ ಗಿರಣಿಯ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ಎಂಟುನೂರು ಜನಕ್ಕೆ ಬೇಯಿಸಿ ಹಾಕಿದ ಪಾಂಗ್ ದೆಹೌಗೆ ನಿವೃತ್ತಿಯಾದ ಮೇಲೆ ಉಳಿದದ್ದು ಒಂದೇ ಹಂಬಲ. ಸಿಚುವಾನಿನ ಗುಡ್ಡವೊಂದರ ಮೇಲಿನ ದಾವ್ ಪಂಥದ ಮಠದಲ್ಲಿ ತಾಂಗ್ ಗುರುಮಾತೆಯ ಕೈಯಿಂದ ಜುಟ್ಟಿಗೆ ಮರದ ಕಡ್ಡಿ ಸಿಕ್ಕಿಸಿಕೊಂಡು ಶಿಷ್ಯನಾಗಬೇಕು. ಅದಕ್ಕೆಂದೇ ಎರಡು ವರ್ಷದಿಂದ ಕೂದಲು ಬಿಟ್ಟಿದ್ದ. ಅವನ ದೇಹ ಒಂದು ಕಡೆ, ಮನಸ್ಸು ಇನ್ನೊಂದು ಕಡೆ, ಪ್ರಾಣ ಎಲ್ಲಿ ಅಲೆಯುತ್ತಿದೆಯೋ ಅವನಿಗೇ ಗೊತ್ತಿಲ್ಲ. ಮೂರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ಆಸೆ. ಗುರುಮಾತೆ ಎರಡು ಸಲ ವಾಪಸು ಕಳಿಸಿ, ಮೂರನೇ ಸಲ ಹೇಳಿದರು: "ಏಳು ದಿನ ಐದು ಧಾನ್ಯ ಮುಟ್ಟದೆ ಇರು, ಆಮೇಲೆ ನೋಡೋಣ."

"ನೀವಾ? ಏಳು ದಿನಾನಾ?" ಹೆಂಡತಿ ಬಿದ್ದು ಬಿದ್ದು ನಕ್ಕಳು. "ನಿದ್ದೇಲೂ ಅಗೀತಿರ್ತೀರಲ್ರೀ!"

ಮಠದಲ್ಲಿ ಅವನಿಗೆ ಸಿಕ್ಕಿದ್ದು ಚಹಾ, ಅಕ್ರೋಟು, ಒಂದಿಷ್ಟು ಒಣಹಣ್ಣು. ಹೊಟ್ಟೆ ಹೇಗೋ ಸಹಿಸಿಕೊಂಡಿತು, ಮನಸ್ಸು ಮಾತ್ರ ಕೇಳಬೇಕಲ್ಲ! ಧ್ಯಾನಕ್ಕೆ ಕೂತು ಕಣ್ಣು ಮುಚ್ಚಿದರೆ ಸಾಕು, ಕ್ಯಾಂಟೀನಿಗೆ ಓಡಿಹೋಗಿ ಹಂದಿಮಾಂಸದ ಹೂರಣ ತುಂಬಿ ಕಡುಬು ಮಡಿಸುತ್ತಿತ್ತು. ಗಂಟೆ ಬಾರಿಸುವಷ್ಟರಲ್ಲಿ ಇನ್ನೂರು ಕಡುಬು ಬೆಂದಿರುತ್ತಿದ್ದವು.

ಮೂರನೇ ದಿನ ಅಡುಗೆಮನೆಯಲ್ಲಿ ಬಿಸಿ ತೋಫು ಕಂಡಿತು. ಪಾಂಗ್ ಯೋಚಿಸಿದ. ಕ್ಯಾಂಟೀನಿನಲ್ಲಿ ಅನ್ನದ ಸಾಲು ಬೇರೆ, ಪಲ್ಯದ ಸಾಲು ಬೇರೆ. ಅವನ ಕಾಲದಲ್ಲಿ ತೋಫು ಇದ್ದದ್ದು ಪಲ್ಯದ ಸಾಲಿನಲ್ಲೇ. ಅಂದಮೇಲೆ ಇದು ಧಾನ್ಯ ಹೇಗಾದೀತು? ಒಂದು ಬಟ್ಟಲು ಹಾಕಿಕೊಂಡು ಹೊಸ್ತಿಲ ಮೇಲೆ ಕೂತು, ಉಪ್ಪೂ ಇಲ್ಲದೆ, ನಿಧಾನವಾಗಿ ತಿಂದ. ತಳ ಒಂಚೂರು ಸೀದಿತ್ತು. ಬುಗ್ಗೆಯ ನೀರಿನ ಸಿಹಿ ಇತ್ತು. ಯಾಕೋ ಕಣ್ಣು ತುಂಬಿ ಬಂತು.

ಆರನೇ ದಿನ ಅಡುಗೆಯ ಸಾಧ್ವಿ ಲುವೊ ತೋಫು ಮಾಡಲೆಂದು ಸೋಯಾ ಕಾಳು ಆರಿಸುತ್ತ ಹೊಸ ಸಾಧ್ವಿಯೊಬ್ಬಳಿಗೆ ಪಾಠ ಹೇಳುತ್ತಿದ್ದಳು. "ಅಕ್ಕಿ, ಗೋಧಿ, ನವಣೆ, ಬರಗು, ಸೋಯಾ. ಇವೇ ಕಣೇ ಐದು ಧಾನ್ಯ."

ಚಹಾಕ್ಕೆಂದು ಬಂದಿದ್ದ ಪಾಂಗ್ ಬಾಗಿಲಲ್ಲೇ ನಿಂತುಬಿಟ್ಟ. "ಸೋಯಾನೂ ಸೇರುತ್ತಾ ಅಕ್ಕಾ?"

ಲುವೊ ಅವನ ಮುಖ ನೋಡಿದಳು, ತೋಫು ಪಾತ್ರೆ ನೋಡಿದಳು, ಬಾಯಿಗೆ ಸೆರಗಿನಂತೆ ತೋಳು ಅಡ್ಡ ಹಿಡಿದು ಕಿಸಕ್ಕೆಂದಳು. "ಮೊನ್ನೆ ಒಂದು ಬಟ್ಟಲು ಕಮ್ಮಿ ಬಿದ್ದಿತ್ತು, ಬೆಕ್ಕನ್ನ ಬೈದಿದ್ದೆ! ಹೋಗ್ಲಿ ಬಿಡು ಪಾಂಗಣ್ಣ, ನಾನಂತೂ ಬಾಯಿ ಬಿಡಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಮರುದಿನ ಕಡ್ಡಿ ಅವನದೇ. ಆದರೂ ಏಳನೇ ದಿನ ಬೆಳಿಗ್ಗೆ ಗುರುಮಾತೆಯ ಎದುರು ಕೂತವನೇ ಎಲ್ಲವನ್ನೂ ಕಕ್ಕಿಬಿಟ್ಟ.

"ತೋಫು ತಿನ್ನೋವಾಗ ಮನಸ್ಸು ಎಲ್ಲಿತ್ತಯ್ಯಾ?"

"ಬಟ್ಟಲಲ್ಲೇ ಇತ್ತು ಗುರುಗಳೇ."

"ಮಿಕ್ಕ ಹೊತ್ತು?"

"ಕ್ಯಾಂಟೀನಲ್ಲಿ. ಕಡುಬು ಮಾಡ್ತಿದ್ದೆ."

"ಎಷ್ಟು ಮಾಡಿರ್ಬಹುದು?"

"ಸಾವಿರದ ಮೇಲಾಗಿರ್ಬೇಕು," ಎಂದ ಪಾಂಗ್, ತಲೆ ತಗ್ಗಿಸಿ.

ಗುರುಮಾತೆ ನಕ್ಕ ನಗೆಗೆ ಅವರ ಜುಟ್ಟೇ ಸಡಿಲವಾಯಿತು. "ಅಯ್ಯೋ ಪುಣ್ಯಾತ್ಮ! ಹಾಗಾದ್ರೆ ನೀನು ಉಪವಾಸ ಇದ್ದಿದ್ದು ಆ ತೋಫು ತಿಂದಷ್ಟು ಹೊತ್ತು ಮಾತ್ರ ಕಣೋ!"

"ಮತ್ತೆ ಕಡ್ಡಿ?"

"ನೇಮ ಮುರಿದಿದ್ದೀಯ. ನಾಳೆಯಿಂದ ಮತ್ತೆ ಏಳು ದಿನ."

ಅಳು ಬರುತ್ತದೆಂದು ಪಾಂಗ್ ಕಾದ, ಬರಲಿಲ್ಲ. "ಆಗ್ಲಿ ಗುರುಗಳೇ," ಎಂದು ಅಲ್ಲೇ ಕಣ್ಣು ಮುಚ್ಚಿದ. ಹೊಟ್ಟೆ ಗುರ್ ಎಂದಿತು, ಅದನ್ನು ಕೇಳಿಸಿಕೊಂಡ. ಮೊಣಕಾಲು ನೋಯುತ್ತಿತ್ತು, ಅದೂ ಗೊತ್ತಾಯಿತು. ಅಂಗಳದಲ್ಲಿ ಯಾರೋ ಕಸ ಗುಡಿಸುತ್ತಿದ್ದರು. ಕಡುಬು ಒಂದೂ ಬರಲಿಲ್ಲ. ಎಷ್ಟು ಹೊತ್ತು ಕೂತಿದ್ದನೋ, ನೆತ್ತಿಯ ಮೇಲೆ ಮುದಿ ಬೆರಳುಗಳು ತಡವರಿಸಿದವು, ಕೂದಲೊಳಗೆ ಏನೋ ತೂರಿತು.

"ನಾಳೆಯ ವ್ರತ ನಿನಗೆ ತಪ್ಪಿದ್ದಲ್ಲ," ಎಂದರು ಗುರುಮಾತೆ. "ಈಗ ಅಲ್ಲಾಡಬೇಡ, ಕಡ್ಡಿ ಸೊಟ್ಟಗಾಗುತ್ತೆ."