ಎತ್ತಿನ ಮರೆಯಲ್ಲಿ ನಿಂತವನು

ಅರ್ಜುನಪ್ಪನ ಊರಿನಲ್ಲಿ ಜಗ್ಗಲಗಿಯ ಲೆಕ್ಕ ಮನೆಯದು, ಆಳಿನದಲ್ಲ. ಎತ್ತಿನ ಗಾಡಿಯ ಗಾಲಿಗೆ ಚರ್ಮ ಬಿಗಿದು ಮಾಡಿದ, ಎದೆಮಟ್ಟ ಬರುವ ಆ ವಾದ್ಯವನ್ನು ಬಾರಿಸಲು ಕೇರಿಯ ಮನೆಗೊಬ್ಬರು ಹೋಗಬೇಕು. ಯಾರು ಹೋಗಬೇಕೆಂಬುದನ್ನು ಹೊಲ ಹೇಳುತ್ತದೆ. ಅಣ್ಣನಿಗೆ ಹೆಸರುಕಾಯಿ ಬಿಡಿಸುವುದಿದ್ದರೆ ತಮ್ಮ ಹೋಗುತ್ತಾನೆ, ತಮ್ಮನಿಗೆ ಮೆಣಸಿನಕಾಯಿ ಹರಿಯುವುದಿದ್ದರೆ ಅಳಿಯ. ಅಜ್ಜನ ಕಾಲದಿಂದ ಹೀಗೇ ನಡೆದು ಬಂದದ್ದು. ಇದರಲ್ಲಿ ತಪ್ಪೇನಾದರೂ ಇದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ವಾಣಿಶ್ರೀಯ ಆಫೀಸಿನಲ್ಲಿ. ಹೊರದೇಶಕ್ಕೆ ಹೋಗುವವರ ವೀಸಾ ಕೆಲಸ ಮಾಡಿಕೊಡುವ ಹುಡುಗಿ ಅವಳು. ಹೋಳಿಯಲ್ಲಿ ಹುಬ್ಬಳ್ಳಿಗೆ ಬಂದಿದ್ದ ಯಾರೋ ಇವರ ಬಾರಿಕೆ ಕೇಳಿ ಅಮೆರಿಕದ ಒಂದು ವಾದ್ಯದ ಹಬ್ಬಕ್ಕೆ ಎಂಟು ಮಂದಿಯ ಮೇಳ ಬರಲೆಂದು ಕರೆ ಕಳಿಸಿದ್ದರು. ಅರ್ಜುನಪ್ಪ ಮೇಳದ ಹಿರಿಯ. ಮನೆಯಲ್ಲಿದ್ದ ಫೋಟೋಗಳನ್ನೆಲ್ಲ ಹೆಮ್ಮೆಯಿಂದ ಒಟ್ಟುಮಾಡಿ ಕೊಟ್ಟಿದ್ದ. ಅಮೆರಿಕದವರು ಒಪ್ಪದೆ, ವೀಸಾದ ಕಾಗದಗಳೆಲ್ಲ ಹಾಗೆಯೇ ತಿರುಗಿ ಬಂದಿದ್ದವು.

ವಾಣಿಶ್ರೀ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. "ಇದರಾಗ ನಿಮ್ಮ ಮೇಳಾ ಯಾವದ್ರಿ ಕಾಕಾ?"

"ಎಲ್ಲಾನೂ ನಮ್ಮ ಮೇಳಾನ ನೋಡವಾ."

"ಈ ಫೋಟೋದಾಗಿನ ಮಂದಿ ಆ ಫೋಟೋದಾಗ ಇಲ್ಲಲ್ರಿ."

"ಅದರಾಗ ಅವರಣ್ಣ ಅದಾನಲ್ಲ?"

ವಾಣಿಶ್ರೀಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ನಿಧಾನವಾಗಿ ತಿಳಿಸಿ ಹೇಳಿದಳು. ಇಂಥ ವೀಸಾ ಕೊಡುವುದು ಮೇಳಕ್ಕೆ. ಮೇಳದ ಮುಕ್ಕಾಲು ಪಾಲು ಜನ ಕಡಿಮೆಯೆಂದರೆ ಒಂದು ವರ್ಷ ಒಟ್ಟಿಗೇ ಬಾರಿಸಿರಬೇಕು. "ಅವರು ಮನಿ ಕೇಳಂಗಿಲ್ರಿ ಕಾಕಾ, ಮಾರಿ ಕೇಳತಾರ. ಮುಂದಿನ ವರ್ಷದ ಹಬ್ಬಕ್ಕೂ ಕರದಾರ. ಅಲ್ಲೀತನಕಾ ಎಲ್ಲಾ ಕಡೆ ಅದ ಮಂದಿ ಬಾರಿಸಿದ್ರ ನೋಡೂನು."

ಆ ಸಂಜೆ ಕೇರಿಯ ಕಟ್ಟೆಯ ಮೇಲೆ ಮಾತು ಬಹಳ ಹೊತ್ತು ಎಳೆಯಿತು. ಎಂಟು ಮಂದಿಯನ್ನು ಆರಿಸಿದರೆ ಆ ಎಂಟು ಮಂದಿ ವರ್ಷವಿಡೀ ಕರೆದಲ್ಲಿಗೆಲ್ಲ ಹೋಗಬೇಕು. ಅವರ ಹೊಲ? ಉಳಿದ ಮನೆಗಳ ಮುನಿಸು? ಅಮೆರಿಕದ ಆಸೆಗೆ ಕೇರಿ ಒಡೆದರೆ ಆ ಆಸೆಯೇ ಬೇಡ ಎಂದು ಅರ್ಜುನಪ್ಪ ಎದ್ದೇಬಿಟ್ಟಿದ್ದ. ಆಗ ಹನುಮಪ್ಪ ಬಾಯಿಬಿಟ್ಟ. ಮೇಳದಲ್ಲಿ ಅವನಷ್ಟು ಗಟ್ಟಿ ಕೈ ಇನ್ನೊಂದಿಲ್ಲ. ಎಂಟರಲ್ಲಿ ಮೊದಲ ಹೆಸರು ಅವನದೇ ಎಂದು ಎಲ್ಲರೂ ಲೆಕ್ಕ ಹಿಡಿದಿದ್ದರು.

"ಕುಂದರೋ ಅರ್ಜುನ್ಯಾ. ನೀವು ಎಂಟ ಮಂದಿ ಬಾರಸ್ರಿ. ನಾ ಬರಾಂಗಿಲ್ಲ."

"ನೀ ಬರಲಿಲ್ಲಂದ್ರ ಮೇಳಾ ಎಲ್ಲಿದೋ?"

"ಕೇರ್ಯಾಗ ಎತ್ತ ಯಾರ ಕಡೆ ಅದಾವು? ನನ್ನ ಕಡೆ. ನಾನೂ ಕುಣಕೋಂತ ಹ್ವಾದ್ರ ನಿಮ್ಮೆಲ್ಲಾರ ಹೊಲಾ ಪಡಾ ಬೀಳತಾವು. ಉಳದಾವ್ರು ಅದೇವಿ, ನೋಡಕೊಂತೇವಿ. ಅಮೇರಿಕಾದಾಗ ನಮ್ಮ ಚರ್ಮದ ಸಪ್ಪಳಾ ಆಗಲಿ, ಸಾಕು."

ಹಾಗೆ ವರ್ಷ ಸುರುವಾಯಿತು. ಧಾರವಾಡದ ಮೆರವಣಿಗೆ, ಸತ್ತೂರಿನ ಗಣಪತಿ, ಬೆಂಗೇರಿಯ ಮದುವೆ — ಎಲ್ಲ ಕಡೆ ಅವೇ ಎಂಟು ಮುಖಗಳು. ಅರ್ಜುನಪ್ಪ ಹಾರ ಹಾಕಿಸಿಕೊಂಡು ಮನೆಗೆ ಬಂದರೆ ಹೆಂಡತಿ ಸತ್ಯವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಬರ್ರಿ, ಸಾಹುಕಾರ್ರು ಬಂದ್ರು. ಹನುಮಪ್ಪಣ್ಣ ನಮ್ಮ ಕಡ್ಲಿಗೆ ಔಷಧಾ ಹೊಡದು ಈಗ ಮನೀಗೆ ಹ್ವಾದ. ಒಂದು ಕಪ್ ಚಾ ಸುದ್ದಾ ಕುಡೀಲಿಲ್ಲ."

ಅರ್ಜುನಪ್ಪ ಹಾರವನ್ನು ಗೂಟಕ್ಕೆ ಹಾಕುತ್ತಿದ್ದ. ಉಪಕಾರವಾಯಿತೆಂದು ಬಾಯಿಬಿಟ್ಟು ಹೇಳುವ ರೂಢಿ ಆ ಕೇರಿಯಲ್ಲಿಲ್ಲ. ಇದ್ದರೂ ಅದು ಹನುಮಪ್ಪನ ಮುಂದೆ ಬಾಯಿಗೆ ಬರುವಂಥದ್ದಲ್ಲ.

ಬೆಂಗೇರಿಯ ಮದುವೆಗೆ ಹನುಮಪ್ಪ ಜಗ್ಗಲಗಿಗಳನ್ನು ತನ್ನ ಗಾಡಿಯಲ್ಲೇ ಹೇರಿಕೊಂಡು ಬಂದಿದ್ದ. ಬಾರಿಕೆ ಏರಿದಾಗ ಅರ್ಜುನಪ್ಪ ತಿರುಗಿ ನೋಡಿದರೆ, ಹನುಮಪ್ಪ ಗಾಡಿಯ ನೊಗದ ಮೇಲೆ ಬೆರಳಿನಿಂದ ಅದೇ ಪೆಟ್ಟು ಹಾಕುತ್ತಿದ್ದ. ಅಷ್ಟರಲ್ಲಿ ಯಾರೋ ಮೊಬೈಲು ಎತ್ತಿದರು. ಹನುಮಪ್ಪ ತಟ್ಟನೆ ತಲೆ ಬಗ್ಗಿಸಿ ಎತ್ತಿನ ಮರೆಗೆ ಸರಿದ. ತನ್ನ ಮುಖವೊಂದು ಫೋಟೋದಲ್ಲಿ ಬಿದ್ದು ಕೆಲಸ ಕೆಟ್ಟೀತೆಂದು. ಅರ್ಜುನಪ್ಪನ ಕೋಲು ಒಂದು ಪೆಟ್ಟು ತಪ್ಪಿತು.

ಮುಂಗಾರಿನ ಹೆಸರು ಬೆಳೆ ಎದ್ದು ನಿಂತ ಹೊತ್ತಿಗೆ ಚೆನ್ನೈನ ಅಮೆರಿಕ ಕಚೇರಿಯಿಂದ ವೀಸಾಕ್ಕೆ ಕರೆ ಬಂತು. "ಕೇಳಿದ್ದಕ್ಕಷ್ಟ ಹೇಳ್ರಿ ಕಾಕಾ, ಪುರಾಣಾ ತಗೀಬ್ಯಾಡ್ರಿ" ಎಂದು ವಾಣಿಶ್ರೀ ಮತ್ತೆ ಮತ್ತೆ ಹೇಳಿ ಕಳಿಸಿದ್ದಳು.

ಗಾಜಿನ ಆಚೆ ಒಬ್ಬ ಬಿಳಿಯ ಹೆಂಗಸು, ಪಕ್ಕದಲ್ಲಿ ಮೈಸೂರು ಕಡೆಯ ಕನ್ನಡದ ದುಭಾಷಿ. ಆಕೆ ಫೋಟೋಗಳನ್ನು ತಿರುವಿ ನೋಡಿ ಏನೋ ಕೇಳಿದಳು.

"ವರ್ಷ ಪೂರ್ತಿ ಎಲ್ಲಾ ಕಡೆ ನೀವೇ ಹೋಗಿದ್ದೀರಿ. ರೈತರು ಅಂತಲೂ ಬರೆದಿದ್ದೀರಿ. ಹೊಲ ಯಾರು ನೋಡ್ಕೊಂಡ್ರು ಅಂತ ಕೇಳ್ತಿದ್ದಾರೆ."

ಮಂದಿ ಇದ್ದರು ಎಂದಿದ್ದರೆ ಸಾಕಾಗಿತ್ತು. ಆದರೆ ಅರ್ಜುನಪ್ಪನಿಗೆ ನೊಗದ ಮೇಲಿನ ಆ ಬೆರಳುಗಳು ಕಂಡವು.

"ಹನುಮಪ್ಪ ನೋಡಕೊಂಡಾನ್ರಿ. ಅಂವಾ ಮತ್ತ ನಮ್ಮ ಕೇರಿ ಮಂದಿ. ಖರೇ ಹೇಳಬೇಕಂದ್ರ ನಮ್ಮೆಲ್ಲಾರಕಿಂತ ಛಲೋ ಬಾರಸಾಂವ ಅವನರಿ."

ಹಿಂದಿನಿಂದ ಯಾರೋ ಅವನ ಅಂಗಿ ಜಗ್ಗಿದರು. ದುಭಾಷಿ ಇದ್ದದ್ದು ಇದ್ದ ಹಾಗೆ ಹೇಳಿದ. ಆಕೆ ಕನ್ನಡಕದ ಮೇಲಿಂದ ನೋಡಿದಳು.

"ಮತ್ತೆ ಅವರನ್ನ ಯಾಕೆ ಕರ್ಕೊಂಡು ಬಂದಿಲ್ಲ?"

"ಅಂವಾ ಬಂದಿದ್ರ ನಾವು ಯಾರೂ ಬರಾಕ ಆಗತಿದ್ದಿಲ್ರಿ."

"ಹಬ್ಬ ಮುಗಿದ ಮೇಲೆ ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ಏನು ನಂಬಿಕೆ?"

"ಹಿಂಗಾರಿ ಕಡ್ಲಿ ಬಿತ್ತೂದು ಐತಲ್ರಿ" ಎಂದ ಅರ್ಜುನಪ್ಪ, ಇದನ್ನೂ ಕೇಳುತ್ತಾರಲ್ಲ ಎಂಬ ಬೆರಗಿನಲ್ಲಿ. "ಈ ಸಲ ಹನುಮಪ್ಪನ ಹೊಲಾ ನಾವ ಎಂಟೂ ಮಂದಿ ಬಿತ್ತಬೇಕು. ಅವನ್ನ ಬದುವಿನ ಮ್ಯಾಲೆ ಕುಂಡರಸಬೇಕು."

ದುಭಾಷಿ ಇದನ್ನು ಹೇಳುವಾಗ ತಾನೇ ನಕ್ಕ. ಆಕೆ ನಗಲಿಲ್ಲ. ಸ್ವಲ್ಪ ಹೊತ್ತು ಟೈಪು ಮಾಡಿದಳು. ಪಾಸ್‌ಪೋರ್ಟುಗಳನ್ನು ತನ್ನ ಕಡೆಗೆ ಎಳೆದುಕೊಂಡು ತಲೆಯಾಡಿಸಿದಳು.

"ನಿಮಗೆಲ್ಲ ವೀಸಾ ಆಯ್ತು" ಎಂದ ದುಭಾಷಿ.

ಊರಲ್ಲಿ ಬಸ್ಸಿಳಿದ ಅರ್ಜುನಪ್ಪ ಮನೆಗೆ ಹೋಗಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ನೇರ ಹೊಲಕ್ಕೆ ನಡೆದ. ಅವನ ಹೆಸರು ಬೆಳೆಯ ಸಾಲುಗಳಲ್ಲಿ ಹನುಮಪ್ಪ ಎತ್ತು ಹೂಡಿ, ಕಳೆ ಹೋಗಲೆಂದು ಎಡೆ ಹೊಡೆಯುತ್ತಿದ್ದ. ಅರ್ಜುನಪ್ಪನನ್ನು ಕಂಡು ಎತ್ತು ನಿಲ್ಲಿಸಿದ.

"ಆತೇನೋ?"

"ಆತು."

"ಹಂಗಾರ ಮಾರಿ ಯಾಕ ಹಂಗ ಮಾಡೀ? ಹಿಡಿ ಇತ್ತಾಗ, ನನ್ನ ಸೊಂಟಾ ಹ್ವಾತು."

ಅರ್ಜುನಪ್ಪ ಚೀಲ ಬದುವಿನ ಮೇಲಿಟ್ಟು ಎಡೆಕುಂಟೆಯ ಮೇಳಿ ಹಿಡಿದ. ಎರಡು ಸಾಲು ಹೊಡೆಯುವಷ್ಟರಲ್ಲಿ ಅವನ ಕಣ್ಣು ತುಂಬಿ ಬಂದವು. ಎತ್ತುಗಳಿಗೆ ದಾರಿ ಗೊತ್ತಿತ್ತು.

ಹೊತ್ತು ಮುಳುಗುವಾಗ ಕೇರಿಯಲ್ಲಿ ಹುಲ್ಲಿನ ಬೆಂಕಿ ಮಾಡಿ, ಮಳೆಗೆ ಸಡಿಲಾಗಿದ್ದ ಚರ್ಮಗಳನ್ನು ಕಾಸಿದರು. ಮೊದಲ ಪೆಟ್ಟು ಹಿರಿಯನದು. ಅರ್ಜುನಪ್ಪ ಕೋಲುಗಳನ್ನು ಒಯ್ದು ಹನುಮಪ್ಪನ ಕೈಗಿಟ್ಟ.

"ಬ್ಯಾಡೋ, ಯಾರರ ಫೋಟೋ ಹೊಡದಾರು!"

"ಹೊಡೀಲಿ. ಇನ್ನ ಎಷ್ಟ ಬೇಕಾದ್ರೂ ಹೊಡೀಲಿ."

ಹನುಮಪ್ಪ ಕೋಲುಗಳನ್ನು ತಿರುಗಿಸಿ ನೋಡಿದ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಮೊದಲ ಪೆಟ್ಟು ಹುಸಿಯಾಯಿತು, ಹೆಂಗಸರು ನಕ್ಕರು. ಎರಡನೆಯದಕ್ಕೆ ಕೊಟ್ಟಿಗೆಯ ಎತ್ತುಗಳು ಕಿವಿ ನಿಮಿರಿಸಿದವು. ಆಮೇಲೆ ಕೇರಿಯ ಮನೆಮನೆಯಿಂದ ಒಬ್ಬೊಬ್ಬರು ತಮ್ಮ ತಮ್ಮ ಜಗ್ಗಲಗಿ ಹೊರಳಿಸಿಕೊಂಡು ಬಂದರು. ಮೇಳದಲ್ಲಿ ಎಂಟು ಮಂದಿ ಯಾರು, ಉಳಿದವರು ಯಾರು ಎಂದು ಗುರುತು ಹತ್ತದ ಹಾಗಾಯಿತು.

ಸತ್ಯವ್ವ ಮೊಬೈಲು ಎತ್ತಿ ಹಿಡಿದಳು. "ಹನುಮಪ್ಪಣ್ಣಾ, ಇತ್ತಾಗ ನೋಡೋ!"

ಈ ಸಲ ಹನುಮಪ್ಪ ತಲೆ ಬಗ್ಗಿಸಲಿಲ್ಲ.