ಎರಡು ಹೋಳಿನ ಪುಲ್ಲರ್

ಹೊರಗಿನಿಂದ ತರಿಸಿದರೆ, ಎಂಜಿನ್ನಿನ ಹಲ್ಲುಚಕ್ರ ಎಳೆದು ಬಿಚ್ಚುವ ಪುಲ್ಲರ್‌ಗೆ ಎರಡು ಸಾವಿರ. ಗುಜರಿಯ ಉಕ್ಕು ತಂದು ಲೇತ್‌ನಲ್ಲಿ ಮಾಡಿಸಿದರೆ ಏಳುನೂರು. ಸುತ್ತಿಗೆಯಿಂದ ಹೊಡೆದು ಬಿಚ್ಚಿದರೆ ಖರ್ಚೇ ಇಲ್ಲ. ಆದರೆ ಚಕ್ರ ಕೂತಿರುವ ಕ್ರ್ಯಾಂಕ್ ದಂಡ ಸೊಟ್ಟಗಾದರೆ ಎಷ್ಟು ದುಡ್ಡು ಸುರಿದರೂ ಇನ್ನೊಂದು ಸಿಗುವುದು ಕಷ್ಟ. ಹೊನ್ನಾಳಿಯ ಮೆಕ್ಯಾನಿಕ್ ಮೈಲಾರಿ ಈ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದ. ಹಾಗಿದ್ದೂ ಮೊದಲು ಕೈಹಾಕಿದ್ದು ಅಡಿಕೆ ಸುಲಿಯುವ ಯಂತ್ರದ ಪುಲ್ಲರ್‌ಗೆ. ಊರಲ್ಲಿ ಎಲ್ಲದಕ್ಕೂ ಅದೇ ತಾನೆ! ಅದರ ದಪ್ಪ ಕೊಕ್ಕೆ ಎಂಜಿನ್ನಿನ ಹಲ್ಲುಚಕ್ರದ ಹಿಂದಕ್ಕೆ ತೂರಲಿಲ್ಲ. ಅಂಚಿನಲ್ಲೇ ಕಚ್ಚಿ ಚಕ್ರದ ಒಂದು ಹಲ್ಲು ಮುರಿಯಿತು.

ಬೈಕು ಸಾಸ್ವೆಹಳ್ಳಿಯ ಮುದುಕ ಚಿಕ್ಕಹನುಮಂತಪ್ಪನ ಹಳೆಯ ಯೆಜ್ಡಿ. ಮೈಲಾರಿ ಬೈಕು ಓಡಿಸಲು ಕಲಿತದ್ದೇ ಅದರ ಮೇಲೆ.

“ಹಲ್ಲು ಹೋದ್ರೆ ಹೋಗ್ಲಿ, ಚಕ್ರ ಬೇರೆ ಸಿಕ್ತೈತೆ,” ಎಂದ ಮುದುಕ. “ಕ್ರ್ಯಾಂಕಿಗೇನಾರ ಆತೋ, ಸೀದಾ ಗುಜರಿಗೆ ಹಾಕ್ತೀನಿ. ಇನ್ನು ನನ್ ಕೈಲಿ ಆಗಲ್ಲಪ್ಪ.”

ಮೈಲಾರಿ ನ್ಯಾಮತಿಯ ಶಾಂತಲಾಳಿಗೆ ಫೋನ್ ಮಾಡಿದ. ಸುತ್ತಲಿನ ಅಡಿಕೆ ಯಂತ್ರಗಳಿಗೆ ಶಾಫ್ಟು ಮಾಡಿಕೊಡುವ ಲೇತ್ ಅವಳದು. ಮಾರನೆಯ ದಿನ ಬಸ್ಸಿಳಿದು ಬಂದವಳು ಎಂಜಿನ್ನಿಗೆ ಟಾರ್ಚ್ ಬಿಟ್ಟು ನೋಡಿದಳು. ಚಕ್ರದ ಹಿಂದಿನ ಸಂದಿ ಎಷ್ಟು ಕಿರಿದೆಂದರೆ ಅಳತೆಯ ಕಡ್ಡಿಯೂ ಹೋಗದು. ಆಮೇಲೆ ಗ್ಯಾರೇಜಿನ ಹಿಂದಿನ ಮನೆಯತ್ತ ತಿರುಗಿ ಮೈಲಾರಿಯ ಹೆಂಡತಿಯನ್ನು ಕೂಗಿದಳು.

“ಸುಂಕಲಮ್ಮಾರೆ, ರೊಟ್ಟಿಗೆ ಹಿಟ್ಟು ನಾದೀರೇನ್ರೀ? ಒಂದು ಹಿಡಿ ಕೊಡ್ರಿ.”

“ಶಾಂತಕ್ಕಾ, ಎಂಜಿನ್ನಿಗೆ ಹಸಿವಾಗೈತೇನು?” ಎಂದು ಮೈಲಾರಿ ನಕ್ಕ.

“ನಿಮ್ಮ ಕೊಕ್ಕೆ ಹಲ್ಲು ಮುರೀತು, ನನ್ ಹಿಟ್ಟು ಮುರಿಯಲ್ಲ. ಸುಮ್ನೆ ನೋಡ್ರಿ ಮೈಲಾರಣ್ಣ.”

ಚಕ್ರದ ಹಿಂಬದಿಗೆ ಎಣ್ಣೆ ಸವರಿ, ಜೋಳದ ಹಿಟ್ಟನ್ನು ಸಂದಿಗೆ ಒತ್ತಿ, ಹಾಗೆಯೇ ಜಾರಿಸಿ ತೆಗೆದಳು. ಸಂದಿಯ ಅಚ್ಚು ಹಿಟ್ಟಿನಲ್ಲಿ ಕೂತಿತ್ತು. ಅದು ಒಣಗುವ ಮೊದಲೇ ಅಳೆದು ಬರೆದುಕೊಂಡಳು. ಮೈಲಾರಿಯ ನಗು ಅಲ್ಲಿಗೇ ನಿಂತಿತು.

ಮುಂದಿನ ವಾರ ಅವಳು ತಂದ ಪುಲ್ಲರ್ ಬಳೆಯನ್ನು ಎರಡು ಹೋಳು ಮಾಡಿದ ಹಾಗಿತ್ತು. ಹೋಳುಗಳು ಒಂದೊಂದಾಗಿ ಚಕ್ರದ ಹಿಂದೆ ತೂರಿ, ಸುತ್ತ ಎಲ್ಲ ಹಲ್ಲುಗಳನ್ನೂ ಒಟ್ಟಿಗೆ ಹಿಡಿದವು. ಕ್ರ್ಯಾಂಕಿನ ತುದಿಗೆ ಒತ್ತುವ ನಡುವಿನ ಬೋಲ್ಟನ್ನು ಮೈಲಾರಿ ಬಿಗಿದ. ಇನ್ನೂ ಬಿಗಿದ. ಚಕ್ರ ಅಲುಗಲಿಲ್ಲ. ಅವನ ಕೈ ತಾನಾಗಿಯೇ ಸುತ್ತಿಗೆಯತ್ತ ಹೋಯಿತು.

ಶಾಂತಲಾ ಸುತ್ತಿಗೆಯನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿದಳು. “ಹೊಡೆಯಾಕೆ ನಾನ್ಯಾಕೆ ಬೇಕಿತ್ತು? ಬಿಗಿಯಾಗೈತೆ, ಅದರ ಪಾಡಿಗೆ ಬಿಡ್ರಿ. ನಡೀರಿ, ಚಾ ಕುಡಿಯಾಣ.”

“ಬರ್ಲಿಲ್ಲ ಅಂದ್ರೆ?”

“ಇನ್ನೊಂದು ಚಾ.”

ಬೈಕು ನೋಡಲು ಬಂದಿದ್ದ ಚಿಕ್ಕಹನುಮಂತಪ್ಪ ಮಾತ್ರ ಚಹಾಕ್ಕೆ ಏಳಲಿಲ್ಲ. ಎಂಜಿನ್ನಿನ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತ. ಎದುರಿನ ಅಂಗಡಿಯಲ್ಲಿ ಮೈಲಾರಿ ಲೋಟ ಬಾಯಿಗಿಡುವಷ್ಟರಲ್ಲಿ ಗ್ಯಾರೇಜಿನಿಂದ ‘ಟಪ್’ ಎಂದು ಸದ್ದು ಬಂತು, ಅದರ ಹಿಂದೆಯೇ ಮುದುಕನ ಕೂಗು: “ಬಂತು! ತಾನೇ ಬಂತು ಕಣ್ರೋ!”

ಓಡಿ ಹೋಗಿ ನೋಡಿದರೆ ಚಕ್ರ ಪುಲ್ಲರ್ ಸಮೇತ ಸಡಿಲವಾಗಿ ನಿಂತಿತ್ತು. ಮೈಲಾರಿ ಅದನ್ನು ಕಳಚಿಟ್ಟು, ಕ್ರ್ಯಾಂಕಿನ ತುದಿಯನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ, ನಿಧಾನವಾಗಿ ತಿರುಗಿಸಿದ. ಒಂದು ಗೀರೂ ಇಲ್ಲ, ಒಂದಿಷ್ಟೂ ಸೊಟ್ಟಿಲ್ಲ. ತಿರುಗಿ ಶಾಂತಲಾಳನ್ನು ನೋಡಿದ. ಅವಳು ಪುಲ್ಲರ್ ಬೋಲ್ಟಿನ ತಿರುಪುಗಳಿಗೆ ಗ್ರೀಸ್ ಹಚ್ಚುತ್ತಿದ್ದಳು. ಕೈಬಲ ಎಲ್ಲರಿಗೂ ಇರುತ್ತದೆ, ಕೈ ತಡೆಯುವ ಬಲ ಇವಳಿಗಿದೆ ಅನ್ನಿಸಿತು ಅವನಿಗೆ.

“ಶಾಂತಕ್ಕಾ, ಇನ್ನು ಹಳೇ ಎಂಜಿನ್ ಯಾವುದು ಬಂದ್ರೂ ಬಿಚ್ಚಾಕೆ ಮೊದಲು ನಿಮ್ಮನ್ನೇ ಕೇಳ್ತೀನಿ.”

ಒಂದು ಹಲ್ಲುಚಕ್ರ ಹಾಳಾಯಿತು. ಯೆಜ್ಡಿ ಉಳಿಯಿತು.